ಬೇರೆ ಮದ್ದು ಉಂಟಾ ಎಂದರೆ "ಇಲ್ಲ" ಅನ್ನುತ್ತಾರೆ

ಕಂಕನಾಡಿಯ ಒಂದು ಮೆಡಿಕಲ್‌ನಲ್ಲಿ ನಾನು ಫಾರ್ಮಸಿಸ್ಟ್. ಅರೆತಲೆನೋವಿನವರು ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು ಬರುತ್ತಾರೆ, ಮಾತಿಲ್ಲ, ಖಾಲಿ ಸ್ಟ್ರಿಪ್ ಕೌಂಟರಿನ ಮೇಲಿಟ್ಟು "ಇದೇ ಕೊಡಿ" ಅನ್ನುತ್ತಾರೆ. ಮೊದಲೆಲ್ಲ ನಾನು ಕೊಟ್ಟುಬಿಡುತ್ತಿದ್ದೆ. ಸ್ಟ್ರಿಪ್ ಮೇಲೆ ಡಾಕ್ಟರರ ಚೀಟಿ ಬೇಕೆನ್ನುವ ಕೆಂಪು ಗೆರೆ ಇದ್ದರೂ, ಚೀಟಿ ಎರಡು ವರ್ಷ ಹಳೆಯದಾದರೂ. ತಲೆ ಸಿಡಿಯುತ್ತಿರುವವರ ಹತ್ತಿರ ಎಂತ ವಿಚಾರಣೆ ಅಂತ.

ಆ ಅಭ್ಯಾಸ ಬಿಡಿಸಿದ್ದು ಒಬ್ಬರು ಟೀಚರ್. ಎರ್ಗೊಟಮಿನ್, ಕೆಫೀನ್ ಸೇರಿದ ಅರೆತಲೆನೋವಿನ ಮಾತ್ರೆಗೆ ವಾರವಾರ ಬರುತ್ತಿದ್ದರು. ಒಂದು ಶನಿವಾರ ಸಂಜೆ, ಅಂಗಡಿ ತುಂಬ ಜನ, ಕಫಕ್ಕೆಂದು ಬೇರೆ ಡಾಕ್ಟರರ ಚೀಟಿ ತಂದರು: ಕ್ಲಾರಿಥ್ರೊಮೈಸಿನ್ 500 ಎಂಬ ಆಂಟಿಬಯಾಟಿಕ್, ದಿನಕ್ಕೆರಡು. "ಬೇರೆ ಮದ್ದು ಎಂತಾದ್ರೂ ಉಂಟಾ ಟೀಚರೇ?" ಅಂತ ಕೇಳಿದೆ. "ಇಲ್ಲಪ್ಪ. ತಲೆನೋವಿನದ್ದೂ ಒಂದು ಸ್ಟ್ರಿಪ್ ಹಾಕಿ." ಹಾಕಿದೆ. ಎರಡೂ ಒಂದೇ ಕವರಿನಲ್ಲಿ.

ರಾತ್ರಿ ಬಿಲ್ಲು ತಾಳೆ ನೋಡುವಾಗ ಎರಡೂ ಹೆಸರು ಒಂದರ ಕೆಳಗೊಂದು ಕಂಡವು. ಎದೆ ಧಸಕ್ಕೆಂದಿತು.

ಎರ್ಗೊಟಮಿನ್ ರಕ್ತನಾಳಗಳನ್ನು ಬಿಗಿಗೊಳಿಸುವ ಮದ್ದು. ಹುಟ್ಟು ರೈ ಧಾನ್ಯದ ತೆನೆಗೆ ಹತ್ತುವ ಒಂದು ಶಿಲೀಂಧ್ರದಿಂದ. ಹಿಂದೆ ಯುರೋಪಿನಲ್ಲಿ ಆ ಧಾನ್ಯದ ರೊಟ್ಟಿ ತಿಂದವರ ಕೈಕಾಲು ಕೊಳೆತದ್ದುಂಟು. ನಮ್ಮ ಲಿವರ್ ಇದನ್ನು ಒಂದು ಕಿಣ್ವದಿಂದ ಕರಗಿಸುತ್ತದೆ. ಕ್ಲಾರಿಥ್ರೊಮೈಸಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಒಂದು ಮಾತ್ರೆಯೂ ಹಲವು ಮಾತ್ರೆಯಾಗಿ ಕೂರುತ್ತದೆ. ಬೆರಳು ತಣ್ಣಗಾಗುತ್ತದೆ, ಜೋಮು ಹಿಡಿಯುತ್ತದೆ, ಬಣ್ಣ ಬದಲಾಗುತ್ತದೆ. ಕೈಮೀರಿದರೆ ಬೆರಳೇ ಹೋಗಬಹುದು.

ಬಿಲ್ಲಿನಲ್ಲಿ ನಂಬರ್ ಇತ್ತು. ಫೋನ್ ಮಾಡಿದೆ. ಕಫದ್ದು ಒಂದು ನುಂಗಿಯಾಗಿತ್ತು. ತಲೆನೋವಿನದ್ದು ನುಂಗಿ ಮೂರು ದಿನವಾಗಿತ್ತಂತೆ. "ಬೆರಳು ಜುಮ್ಮೆನ್ನುತ್ತದಾ?" "ಇಲ್ಲ, ಯಾಕೆ?" ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಡಾಕ್ಟರಿಗೂ ಫೋನ್ ಮಾಡಿದೆ, ಬೇರೆ ಆಂಟಿಬಯಾಟಿಕ್ ಹೇಳಿದರು. ಟೀಚರ ತಲೆನೋವಿನ ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ.

"ಮತ್ತೆ ನಿನ್ನೆ ಇಲ್ಲ ಅಂದ್ರಲ್ಲ ಟೀಚರೇ?" ಅಂದದ್ದಕ್ಕೆ ಮರುದಿನ ಅವರ ಉತ್ತರ: "ಅದು ತಲೆನೋವಿನದ್ದಲ್ವಾ ಮಾರಾಯ್ರೆ!"

ಸರಿಯೇ. ಅವರ ಲೆಕ್ಕದಲ್ಲಿ ಮದ್ದು ಎಂದರೆ ಬಿಪಿಯದ್ದು, ಶುಗರಿನದ್ದು. ಪರ್ಸಿನ ಸಣ್ಣ ಜಿಪ್ಪಿನಲ್ಲಿ ಇರುವುದು ಮದ್ದಲ್ಲ. ಹಾಗಾಗಿ ಈಗ ನನ್ನ ಪ್ರಶ್ನೆಯೇ ಬೇರೆ: ತಲೆನೋವಿಗೆ ಎಂತ ನುಂಗ್ತೀರಿ, ತಿಂಗಳಲ್ಲಿ ಎಷ್ಟು ದಿನ?

ಎರಡನೆಯದಕ್ಕೆ ಯಾರಿಗೂ ಸರಿಯಾದ ಉತ್ತರ ಗೊತ್ತಿರುವುದಿಲ್ಲ. ಹಾಲಿನ ಲೆಕ್ಕ ಹಾಕುವ ಕ್ಯಾಲೆಂಡರಿನಲ್ಲೇ ಮಾತ್ರೆ ನುಂಗಿದ ದಿನಕ್ಕೊಂದು ಗೀಟು ಎಳೆಯಿರಿ ಅನ್ನುತ್ತೇನೆ. ಟೀಚರು ಮುಂದಿನ ತಿಂಗಳು ಹಾಳೆಯನ್ನೇ ಹರಿದು ತಂದರು, ಹದಿನಾಲ್ಕು ಗೀಟು. ಎರ್ಗೊಟಮಿನ್ ಆಗಲಿ, ಅರೆತಲೆನೋವಿನ ಇನ್ನೊಂದು ಮದ್ದು ಸುಮಾಟ್ರಿಪ್ಟಾನ್ ಆಗಲಿ, ತಿಂಗಳಲ್ಲಿ 10 ದಿನ ಮುಟ್ಟಿ, ಮೂರು ತಿಂಗಳು ಹಾಗೇ ಮುಂದುವರಿದರೆ ಮಾತ್ರೆಯೇ ತಲೆನೋವು ತರಿಸಲು ಶುರು ಮಾಡಬಹುದು. ಬರೀ ಪ್ಯಾರಾಸಿಟಮಾಲ್‌ಗಾದರೆ 15 ದಿನ. ಹಾಳೆ ಹಿಡಿದುಕೊಂಡು ನರರೋಗದ ಡಾಕ್ಟರರ ಹತ್ತಿರ ಹೋಗಿ ಅಂದೆ. ಹೋದರು, ನೋವು ಬಾರದಂತೆ ತಡೆಯುವ ಮದ್ದು ಶುರುವಾಯಿತು.

ಎರ್ಗೊಟಮಿನ್‌ಗೆ ನೋವು ಬಗ್ಗಲಿಲ್ಲವೆಂದು ಅದೇ ದಿನ ಸುಮಾಟ್ರಿಪ್ಟಾನ್ ಕೇಳಿಕೊಂಡು ಬರುವವರೂ ಇದ್ದಾರೆ. ನಡುವೆ 24 ಗಂಟೆ ಬೇಕು. ಹೃದಯದ ತೊಂದರೆ ಇದ್ದವರಿಗೆ, ಪಾರ್ಶ್ವವಾಯು ಆದವರಿಗೆ, ಬಿಪಿ ಹಿಡಿತದಲ್ಲಿಲ್ಲದವರಿಗೆ ಎರಡೂ ಆಗದು.

ಇಷ್ಟೆಲ್ಲ ಕೇಳಿದರೆ ಕೆಲವರು ಮುಖ ಸಿಂಡರಿಸಿ ಎದುರಿನ ಅಂಗಡಿಗೆ ನಡೆಯುತ್ತಾರೆ. ವ್ಯಾಪಾರ ಯಾಕೆ ಹೋಗುತ್ತಿದೆ ಅಂತ ಧಣಿಗಳು ಕೇಳಿದರು. ಆ ಶನಿವಾರದ ಬಿಲ್ಲು ತೆಗೆದು ಮುಂದಿಟ್ಟೆ. ಅವರೂ ಓದಿದ್ದು ಫಾರ್ಮಸಿಯೇ. ಎರಡು ಸಾಲು ನೋಡಿದರು, ಮಡಚಿ ಡ್ರಾವರಿನಲ್ಲಿಟ್ಟರು.