ಬಿಳಿ ಕಾರಿಗೆ ಅಂಟಿದ ಡಾಂಬರು

ಹಾಸನದಿಂದ ಬೆಂಗಳೂರಿಗೆ ವಾಪಸ್ ಬರುವಾಗ ಒಂದು ಕಡೆ ಹೊಸದಾಗಿ ಡಾಂಬರು ಹಾಕಿದ್ದರು. ಇನ್ನೂ ಸರಿಯಾಗಿ ಆರಿರಲಿಲ್ಲ. ನಿಧಾನಕ್ಕೇ ಓಡಿಸಿದೆ. ಆದರೂ ಮನೆ ಮುಂದೆ ಇಳಿದು ನೋಡಿದರೆ ಚಕ್ರಗಳ ಹಿಂದೆ, ಬಾಗಿಲುಗಳ ಕೆಳಗೆಲ್ಲ ಕಪ್ಪು ಚುಕ್ಕಿ. ಕಾರು ಬಿಳಿ ಬೇರೆ!

ವಾಟರ್ ಸರ್ವಿಸ್‌ಗೆ ಬಿಟ್ಟೆ. ಕೆಸರೆಲ್ಲ ಹೋಯಿತು, ಚುಕ್ಕಿಗಳು ಇನ್ನೂ ಚೆನ್ನಾಗಿ ಕಾಣತೊಡಗಿದವು. ‘ಪೆಟ್ರೋಲ್ ಹಾಕಿ ಉಜ್ಜಿದ್ರೆ ಹೋಗತ್ತೆ ಸಾರ್’ ಅಂದ ಅಲ್ಲಿನ ಹುಡುಗ. ಪಕ್ಕದ ಮನೆಯವರು ಥಿನ್ನರ್ ಅಂದರು. ಎರಡರಲ್ಲೂ ಡಾಂಬರು ಹೋಗುತ್ತದೆ, ಅನುಮಾನವಿಲ್ಲ. ಅದರ ಜೊತೆ ಇನ್ನೇನು ಹೋಗುತ್ತದೆ ಅನ್ನೋದೇ ನನ್ನ ಭಯ. ಹಿಂದಿನ ಬಾಗಿಲಿಗೆ ಒಮ್ಮೆ ಗ್ಯಾರೇಜಿನಲ್ಲಿ ಪೇಂಟ್ ಮಾಡಿಸಿದ್ದೆ. ಫ್ಯಾಕ್ಟರಿಯಲ್ಲಿ ಪೇಂಟನ್ನು ಸುಮಾರು 140 ಡಿಗ್ರಿ ಬಿಸಿಯಲ್ಲಿ ಗಟ್ಟಿ ಮಾಡಿರುತ್ತಾರೆ. ಗ್ಯಾರೇಜಿನಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಅಂಥ ಪೇಂಟು ಥಿನ್ನರ್‌ಗೆ ಸುಲಭವಾಗಿ ಮೆತ್ತಗಾಗುತ್ತದೆ.

ಅಮ್ಮ ಹೇಳಿದ್ದು ಬೇರೆ. ‘ಹಲಸಿನ ಮೇಣ ಹೇಗೆ ತೆಗೀತೀವಿ? ಎಣ್ಣೆ ಹಚ್ಚಿ ಬಿಡು.’ ಯೋಚಿಸಿದರೆ ಸರಿಯೇ ಅಲ್ವಾ? ಡಾಂಬರು ಬರೋದೇ ಕಚ್ಚಾ ತೈಲದಿಂದ. ಅದು ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಕರಗುತ್ತದೆ.

ಕಾರನ್ನು ನೆರಳಿಗೆ ತಂದು, ಬಾನೆಟ್ಟು ಬಾಗಿಲು ತಣ್ಣಗಾಗುವ ತನಕ ಕಾದೆ. ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಚುಕ್ಕಿಗಳ ಮೇಲೆ ಒತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಹತ್ತಿಗೆ ಕಂದು ಬಣ್ಣ ಹತ್ತಿತು. ಇಲ್ಲೇ ಕೈ ತುರಿಸುವುದು, ಜೋರಾಗಿ ಉಜ್ಜಿಬಿಡೋಣ ಅನ್ನಿಸುವುದು. ಆದರೆ ಡಾಂಬರಿನೊಳಗೆ ಜಲ್ಲಿಪುಡಿ, ಮರಳು ಸೇರಿಕೊಂಡಿರುತ್ತದೆ. ಪೇಂಟಿನ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಕಷ್ಟ. ಉಜ್ಜಿದರೆ ಆ ಮರಳೇ ಅದನ್ನು ಗೀಚುತ್ತದೆ. ಹಾಗಾಗಿ ಒತ್ತುವುದು, ಕಾಯುವುದು, ಮೆಲ್ಲಗೆ ಎತ್ತಿ ತೆಗೆಯುವುದು. ಪ್ರತಿ ಸಲ ಹೊಸ ಹತ್ತಿ.

ಚಿಕ್ಕವು ಹೋದವು. ಚಕ್ರದ ಹಿಂದಿನ ದಪ್ಪ ಗಡ್ಡೆಗಳು ಕದಲಲಿಲ್ಲ. ಅವಕ್ಕೆ ಆಟೊಮೊಬೈಲ್ ಅಂಗಡಿಯಿಂದ ಟಾರ್ ರಿಮೂವರ್ ತಂದೆ. ಮೊದಲು ಬಾಗಿಲಿನ ಒಳ ಅಂಚಿಗೆ, ಯಾರಿಗೂ ಕಾಣದ ಕಡೆ, ಹಚ್ಚಿ ನೋಡಿ ಆಮೇಲೆ ಹೊರಗೆ ಬಳಸಿದೆ. ಕೊನೆಗೆ ಕಾರ್ ಶಾಂಪೂ ಹಾಕಿ ತೊಳೆದೆ. ಎಣ್ಣೆ ಉಳಿದರೆ ಬೆಂಗಳೂರಿನ ಧೂಳೆಲ್ಲ ಅಲ್ಲೇ ಕೂರುತ್ತದೆ. ಇಷ್ಟಾದ ಮೇಲೆ ಪೇಂಟಿನ ರಕ್ಷಣೆಗೆ ಹಚ್ಚಿದ್ದ ಹಳೆ ವ್ಯಾಕ್ಸ್ ಉಳಿದಿರುವುದಿಲ್ಲ, ಆ ಜಾಗಕ್ಕೆ ಮತ್ತೆ ಹಚ್ಚಿದೆ.

ಚಕ್ರದ ಮೇಲಿನ ಕಮಾನಿನ ಒಳಗೆ, ಪ್ಲಾಸ್ಟಿಕ್‌ಗೆ ಮೆತ್ತಿದ್ದನ್ನು ಮಾತ್ರ ಮುಟ್ಟಲಿಲ್ಲ. ಕಪ್ಪಿನ ಮೇಲೆ ಕಪ್ಪು, ಇರಲಿ ಬಿಡಿ.