ಪುಣೆಯಲ್ಲಿ ಹುತಾತ್ಮ ಯೋಧರಿಗೆ ನಮಿಸಲು ಬರುವವರಿಗೆ

ಸೇನೆಯಲ್ಲಿ ಮಡಿದ ತಮ್ಮವರೊಬ್ಬರ ಹೆಸರಿನಲ್ಲಿ ಹೂವು ಅರ್ಪಿಸಬೇಕೆಂದು ಪುಣೆಗೆ ಬರುವವರು ರೈಲಿನ ಟಿಕೆಟ್ ಕಾದಿರಿಸುವ ಮೊದಲೇ, ಇಲ್ಲಿನ ಯಾವ ಸ್ಮಾರಕ ಯಾರ ನೆನಪಿಗಾಗಿ ನಿಂತಿದೆ ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದು. ಸೇನೆಯಿಂದ ನಿವೃತ್ತರಾದ ನಮ್ಮ ಸೋದರಮಾವ 1971ರ ಯುದ್ಧದಲ್ಲಿ ತೀರಿಕೊಂಡ ಊರಿನ ಗೆಳೆಯರೊಬ್ಬರಿಗೆ ನಮಿಸಲೆಂದು ಹುಬ್ಬಳ್ಳಿಯಿಂದ ಬಂದಿದ್ದರು. ಪುಣೆಯಲ್ಲೇ ನೆಲೆಸಿರುವ ನಾನು ಅವರನ್ನು ಕರೆದೊಯ್ದೆ. ಅವರೊಡನೆ ಸುತ್ತಾಡಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಡೆಯಿಂದ ಬರುವವರಿಗೆ 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ವಂದೇ ಭಾರತ್ ಅನುಕೂಲಕರ. ಆದರೆ ಅದು ದಿನವೂ ಓಡುವುದಿಲ್ಲವಾದ್ದರಿಂದ ವಾರದ ದಿನವನ್ನು ನೋಡಿಕೊಂಡೇ ಹೊರಡಬೇಕು. ಬಸ್ಸುಗಳಂತೂ ಇದ್ದೇ ಇವೆ. ಮಳೆಗಾಲವನ್ನು ಬಿಟ್ಟು ನವೆಂಬರಿನಿಂದ ಫೆಬ್ರುವರಿಯೊಳಗೆ ಬಂದರೆ ಹಿರಿಯರಿಗೆ ತೆರೆದ ಬಯಲಿನಲ್ಲಿ ನಡೆದಾಡುವುದು ಕಷ್ಟವಾಗುವುದಿಲ್ಲ.

ಮೊದಲು ಹೋಗಬೇಕಾದದ್ದು ಕ್ಯಾಂಪ್–ಘೋರ್ಪಡಿ ಭಾಗದಲ್ಲಿರುವ ಸೇನೆಯ ದಕ್ಷಿಣ ವಿಭಾಗವಾದ ದಕ್ಷಿಣ ಕಮಾಂಡಿನ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ. ರಿಕ್ಷಾದವರಿಗೆ ಬರೀ ‘ವಾರ್ ಮೆಮೋರಿಯಲ್’ ಎನ್ನದೆ ಘೋರ್ಪಡಿಯ ಹೆಸರನ್ನೂ ಸೇರಿಸಿ ಹೇಳಿರಿ, ಏಕೆಂದರೆ ಖಡ್ಕಿಯ ‘ವಾರ್ ಸಿಮೆಟ್ರಿ’ ನಗರದ ಇನ್ನೊಂದು ದಿಕ್ಕಿನಲ್ಲಿದೆ. 1998ರ ಆಗಸ್ಟ್ 15ರಂದು ಅನಾವರಣಗೊಂಡ ಈ ಸ್ಮಾರಕವನ್ನು ಕಟ್ಟಿದ್ದು ನಾಗರಿಕರು ಕೊಟ್ಟ ದೇಣಿಗೆಯಿಂದ. ಸ್ವಾತಂತ್ರ್ಯಾನಂತರ ಪ್ರಾಣ ತೆತ್ತ ಯೋಧರ ನೆನಪಿಗಾಗಿ ನಿಂತಿರುವ ಇದರ ಆವರಣದಲ್ಲಿ ಮಿಗ್-23 ವಿಮಾನವನ್ನೂ ಐಎನ್‌ಎಸ್ ತ್ರಿಶೂಲ್ ನೌಕೆಯ ಪ್ರತಿಕೃತಿಯನ್ನೂ ಇರಿಸಿದ್ದಾರೆ. ಮಕ್ಕಳು ನೇರವಾಗಿ ವಿಮಾನದ ಕಡೆಗೆ ಓಡುತ್ತಾರೆ, ಓಡಲಿ. ಆದರೆ ನಮ್ಮ ಕರಾವಳಿಯವರು ತ್ರಿಶೂಲ್ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಕಾರವಾರದ ಎದುರಿಗೇ ಇರುವ ಅಂಜುದೀವ್ ದ್ವೀಪಕ್ಕೆ ನಾವಿಕರನ್ನು ಇಳಿಸಿದ್ದು ಇದೇ ಹೆಸರಿನ ನೌಕೆ. ಆ ದ್ವೀಪದ ಮೇಲೆ ಅಂದು ನೌಕಾಪಡೆಯ 7 ಮಂದಿ ಪ್ರಾಣ ಕಳೆದುಕೊಂಡರು. ಬೆಂಬಲವಾಗಿ ಗುಂಡಿನ ದಾಳಿ ನಡೆಸಿದ ಯುದ್ಧನೌಕೆಯ ಹೆಸರು ಮೈಸೂರು ಎಂಬುದನ್ನು ಜೊತೆಗಿದ್ದ ಮಕ್ಕಳಿಗೆ ಹೇಳಿದ ಮೇಲೆಯೇ ಅವರು ವಿಮಾನದ ಕಡೆಯಿಂದ ಈಚೆಗೆ ತಿರುಗಿದರು.

ಡಿಸೆಂಬರ್ 16ರ ವಿಜಯ ದಿವಸ ಮತ್ತು ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ಇಂಥ ಸ್ಮಾರಕಗಳಲ್ಲಿ ಸೇನೆಯದೇ ಪುಷ್ಪಾರ್ಚನೆಯ ಕಾರ್ಯಕ್ರಮಗಳಿರುತ್ತವೆ. ನಿಮ್ಮ ಮನೆಯವರಷ್ಟೇ ಶಾಂತವಾಗಿ ನಿಂತು ನಮಿಸಬೇಕೆಂದಿದ್ದರೆ ಆ ದಿನಗಳನ್ನು ಬಿಟ್ಟು, ಹಿಂದಿನ ಅಥವಾ ಮುಂದಿನ ದಿನ ಬರುವುದೇ ಲೇಸೆಂದು ನನ್ನ ಅಭಿಪ್ರಾಯ. ಡಿಸೆಂಬರ್ 16ಕ್ಕೆ ಪುಣೆಯಲ್ಲಿ ಇನ್ನೊಂದು ಅರ್ಥವೂ ಇದೆ. 1950ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಪೂನಾ ಹಾರ್ಸ್ ಟ್ಯಾಂಕ್ ದಳ ಸೇರಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ 1971ರಲ್ಲಿ ಬಸಂತರ್ ಕಾಳಗದಲ್ಲಿ ಮಡಿದದ್ದು ಅದೇ ದಿನ. ಮರಣೋತ್ತರವಾಗಿ ಪರಮವೀರ ಚಕ್ರ ಪಡೆದ ಅವರಿಗೆ ಆಗ 21 ವರ್ಷ.

ಹೂವನ್ನು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಿಗ್ಗೆಯೇ ಕೊಂಡರೆ ತಾಜಾ ಸಿಗುತ್ತದೆ. ಪ್ಲಾಸ್ಟಿಕ್ ಸುತ್ತಿದ ಗುಚ್ಛಗಳಿಗಿಂತ ದಾರದಲ್ಲಿ ಕಟ್ಟಿದ ಚೆಂಡುಹೂವಿನ ಮಾಲೆಯೇ ವಾಸಿ. ಅದನ್ನು ಎಲ್ಲಿ ಇಡಬಹುದೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿಯೇ ಇಡಬೇಕು. ಗುರುತಿನ ಚೀಟಿ ಜೊತೆಯಲ್ಲಿರಲಿ, ದಂಡು ಪ್ರದೇಶದ ರಸ್ತೆಗಳಲ್ಲಿ ಸುಮ್ಮನೆ ಫೋಟೊ ತೆಗೆಯುವುದು ಬೇಡ.

ಖಡ್ಕಿಯ ಯುದ್ಧ ಸಮಾಧಿಭೂಮಿ ಹೋಳ್ಕರ್ ಸೇತುವೆಯ ಸಮೀಪದಲ್ಲಿದ್ದು, ಅದನ್ನು ನೋಡಿಕೊಳ್ಳುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಎರಡನೆಯ ಮಹಾಯುದ್ಧದ 1,668 ಸಮಾಧಿಗಳು ಇಲ್ಲಿವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ತೀರಿಕೊಂಡು, ಬೇರೆ ಬೇರೆ ಊರುಗಳಲ್ಲಿ ಹೂಳಲ್ಪಟ್ಟು, ಗೋರಿಗಳನ್ನು ಕಾಪಾಡಲಾಗದೆ ಹೋದ 1,800ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಒಳಗಿನ ಸ್ಮಾರಕದಲ್ಲಿ ಕೆತ್ತಿದ್ದಾರೆ. ಅಧಿಕಾರಿಯಾಗಲಿ, ಸಾಮಾನ್ಯ ಸಿಪಾಯಿಯಾಗಲಿ, ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಕಲ್ಲು ಇರಬೇಕೆಂಬುದು ಆಯೋಗದ ಮೂಲ ನಿಯಮ. ರೆಜಿಮೆಂಟಿನ ಲಾಂಛನ, ಸಂಖ್ಯೆ, ಹುದ್ದೆ, ಹೆಸರು, ತೀರಿದ ದಿನ, ವಯಸ್ಸು, ಕೆಲವು ಕಡೆ ಕೊನೆಯಲ್ಲಿ ಮನೆಯವರು ಆರಿಸಿದ ಒಂದು ಸಾಲು, ಇಷ್ಟೇ ಬರಹ. ಮಾವನವರು ಚಪ್ಪಲಿ ಬಿಟ್ಟು ಹುಲ್ಲಿಗಿಳಿದು, ವಯಸ್ಸಿನ ಅಂಕಿಯನ್ನು ಬೆರಳಿನಿಂದ ಮುಟ್ಟಿ ಓದುತ್ತ ಸಾಲಿಂದ ಸಾಲಿಗೆ ಹೋದರು. ಪಕ್ಕದಲ್ಲಿ ತೋಟದವರೊಬ್ಬರು ಕುಕ್ಕರಗಾಲಿನಲ್ಲಿ ಕುಳಿತು, ಕೆಳಗಿನ ಅಕ್ಷರ ಮುಚ್ಚಿಹೋಗದಂತೆ ಕಲ್ಲಿನ ಬುಡದ ಹುಲ್ಲನ್ನು ಕತ್ತರಿಯಿಂದ ಸವರುತ್ತಿದ್ದರು.

ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡ ಅಜ್ಜ, ಮುತ್ತಜ್ಜಂದಿರನ್ನು ಹುಡುಕಿ ಬರುವ ಕನ್ನಡಿಗರಿಗೆ ಇಲ್ಲಿ ನಿರಾಶೆಯಾಗುವ ಸಂಭವವಿದೆ. ದಹನ ಸಂಸ್ಕಾರ ಪಡೆದವರಿಗೆ ಸಮಾಧಿಯೇ ಇರುವುದಿಲ್ಲ. ರಣರಂಗದಿಂದ ದೂರವಿದ್ದ ಪ್ರದೇಶಗಳಲ್ಲಿ ತೀರಿಕೊಂಡ ಅವಿಭಜಿತ ಭಾರತದ ಸೈನಿಕರನ್ನು ದಿಲ್ಲಿ ಮತ್ತು ಕರಾಚಿಯ ಸ್ಮಾರಕಗಳಲ್ಲಿ ನೆನೆಯಲಾಗಿದೆ. ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಯಾವ ಊರು, ಎಷ್ಟನೆಯ ಸಾಲು ಎಂಬುದೆಲ್ಲ ದೊರೆಯುತ್ತದೆ. ಅದನ್ನು ಬರೆದುಕೊಂಡೇ ಹೊರಡಿರಿ.

ಖಡ್ಕಿಯಲ್ಲೇ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಕೇಂದ್ರವಿದೆ. ಕಾರವಾರದ ಬಳಿಯ ಚೆಂಡಿಯಾದ ರಾಮ ರಾಘೋಬಾ ರಾಣೆ ಈ ದಳದವರು. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ರಸ್ತೆಯಲ್ಲಿ ಶತ್ರುವಿನ ಗುಂಡಿನ ನಡುವೆ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದ ಅವರು ಯುದ್ಧದಿಂದ ಜೀವಂತವಾಗಿ ಮರಳಿ, 1994ರಲ್ಲಿ ಪುಣೆಯಲ್ಲಿ ನಿಧನರಾದರು. ಕೇಂದ್ರವು ಸೇನೆಯ ವಶದಲ್ಲಿರುವುದರಿಂದ ಒಳಹೋಗಲು ಮುಂಚಿತವಾಗಿ ಅನುಮತಿ ಬೇಕು. ಮಾಜಿ ಸೈನಿಕರು ಜೊತೆಗಿದ್ದರೆ ಅವರ ಹಳೆಯ ಘಟಕದ ಮೂಲಕವೇ ಕೇಳಿಸುವುದು ಸರಿಯಾದ ದಾರಿ.

ಸ್ವಾತಂತ್ರ್ಯಾನಂತರ ಮಡಿದವರ ಹೆಸರನ್ನೇ ಕಲ್ಲಿನಲ್ಲಿ ಕಣ್ಣಾರೆ ಕಾಣಬೇಕೆಂಬ ಕುಟುಂಬದವರು ಪುಣೆಯ ಬದಲು ದಿಲ್ಲಿಗೆ ಹೋಗುವುದು ಸೂಕ್ತ. 2019ರ ಫೆಬ್ರುವರಿ 25ರಂದು ಇಂಡಿಯಾ ಗೇಟ್ ಬಳಿ ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ. ಗೆಳೆಯರ ಸೈನಿಕ ಸಂಖ್ಯೆಯನ್ನು ಡೈರಿಯಲ್ಲಿ ಬರೆದುಕೊಂಡ ಮಾವನವರು ಮುಂದಿನ ಚಳಿಗಾಲಕ್ಕೆ ಅಲ್ಲಿಗೇ ಹೋಗಲು ನಿಶ್ಚಯಿಸಿದ್ದಾರೆ.