ಹಿಂದಕ್ಕೆ ಎಳೆದರೆ ಸಾಣೆ: ರೀಲ್ ಮೋವರ್, ಮೂರನೇ ಭಾನುವಾರ

ನನ್ನ ಹಳೆ ಹುಲ್ಲು ಕತ್ತರಿಸುವ ರೀಲ್ ಮೋವರ್ ಪೇಪರ್ ಟೆಸ್ಟ್ ಪಾಸಾಯಿತು, ಅಂದರೆ ಅಲಗುಗಳ ನಡುವೆ ಪೇಪರ್ ತೂರಿಸಿ ಹರಿತ ನೋಡುವ ಪರೀಕ್ಷೆ! 15 ಇಂಚಿನ ಅಗಲದಲ್ಲಿ ಎಲ್ಲಿ ತೂರಿಸಿದರೂ ಮರಾಠಿ ಪೇಪರ್ ಕರಕ್ ಅಂತ ತುಂಡಾಗುತ್ತಿದೆ. ಮೂರು ಭಾನುವಾರ ಇದಕ್ಕೇ ಹೋದವು.

ಕೊಂಡ ಕಥೆ ಬೇಗ ಮುಗಿಸುತ್ತೇನೆ. ಪುಣೆಯ ಸೂಸ್ ಕಡೆ ನಮ್ಮ ರೋಹೌಸ್. ಮುಂದೆ 30 ಅಡಿಗೆ 20 ಅಡಿ ಮೆಕ್ಸಿಕನ್ ಹುಲ್ಲು, ಉರುಳಿ ಕಾಂಚನ್‌ನ ನರ್ಸರಿಯಿಂದ ತಂದು ಹಾಸಿದ್ದು. ಇಷ್ಟಕ್ಕೆ ಪೆಟ್ರೋಲ್ ಮೋವರ್ ತರುವುದೆಂದರೆ ಮಡಿ ಕೆದರಲು ಟ್ರ್ಯಾಕ್ಟರ್ ತಂದ ಹಾಗೆ. ಕರೆಂಟ್ ವೈರಿನ ರೋಟರಿ (ಅಡ್ಡ ಅಲಗು ಗಿರಗಿರ ತಿರುಗುವ ಮೋವರ್) ಅಗ್ಗ, ಹಗುರ. ಆದರೆ ಜುಲೈ ಮಳೆಯಲ್ಲಿ ಒದ್ದೆ ಹುಲ್ಲಿನ ಮೇಲೆ ವೈರ್ ಎಳೆದಾಡುವ ಧೈರ್ಯ ನನಗಿಲ್ಲ. ಬ್ಯಾಟರಿಯದ್ದು ಮನಸ್ಸಿಗೆ ಬಂದಿತ್ತು, ರೇಟ್ ಕೇಳಿ ಸುಮ್ನೆ ಮನೆಗೆ ಬಂದೆ. ಅದೂ ಅಲ್ಲದೆ ರೋಟರಿ ಅಲಗು ಹುಲ್ಲನ್ನು ಬೀಸಿ ಹೊಡೆಯುತ್ತದೆ. ಮೊಂಡಾದರೆ ತುದಿ ಹರಿದು ಕಂದಾಗುತ್ತದೆ. ರೀಲ್ ಹಾಗಲ್ಲ, ಕತ್ತರಿ ಇದ್ದಂತೆ: ಚಕ್ರ ಉರುಳಿದರೆ ಅಲಗುಗಳ ಸಿಲಿಂಡರ್ (ಅದೇ ರೀಲ್) ತಿರುಗಿ, ಕೆಳಗಿನ ಸ್ಥಿರ ಅಲಗಿನ (ಬೆಡ್‌ನೈಫ್) ಮೇಲೆ ಹುಲ್ಲನ್ನು ಕತ್ತರಿಸುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತ ಇದನ್ನು ಮಾಡಿದ್ದೇ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಸವರುವ ಯಂತ್ರ ನೋಡಿ. ಸರಿ, ತಳ್ಳುವ ರೀಲ್ ತಂದೆ. ಸೆಕೆಂಡ್ ಹ್ಯಾಂಡ್.

ತಳ್ಳಿದರೆ ಎರಡೂ ಬದಿ ನುಣ್ಣಗೆ, ನಡುವೆ ನಾಲ್ಕು ಇಂಚು ಉದ್ದಕ್ಕೂ ಜುಟ್ಟು! ಲಾನ್ ಪೂರ್ತಿ ಜುಟ್ಟಿನ ಸಾಲು. ಬೆಡ್‌ನೈಫ್ ಬಿಗಿ ಮಾಡಿದರೆ ನಡುವೆ ಕತ್ತರಿಸುತ್ತದೆ, ಆದರೆ ಎರಡು ತುದಿಗಳು ಉಜ್ಜಿ ರೀಲೇ ನಿಲ್ಲುತ್ತದೆ. ಸಡಿಲ ಬಿಟ್ಟರೆ ಮತ್ತೆ ಜುಟ್ಟು. ಮೊದಲ ಭಾನುವಾರ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ಅನ್ನುವುದರಲ್ಲೇ ಮುಗಿಯಿತು. ಕೊನೆಗೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುತ್ತಿದೆ. ಬೆಡ್‌ನೈಫ್ ನಡುವೆ ಸವೆದು ಹಳ್ಳವಾಗಿದೆ. ಇದು ಸ್ಕ್ರೂಗೆ ಬಗ್ಗುವ ರೋಗವಲ್ಲ.

ಹೊಸ ಬೆಡ್‌ನೈಫ್ ಹುಡುಕಿ ರವಿವಾರ ಪೇಠೆಗೆ ಹೋದೆ. ಅಂಗಡಿಯವರದು ಪ್ರತಿ ಸಲ ಒಂದೇ ಮಾತು, 'ಉದ್ಯಾ ಯಾ'. ನಮ್ಮೂರಲ್ಲಿ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಇಲ್ಲಿ ಆ ದೆವ್ವ ನಾನೇ. ಸಾಣೆಯವನು ಮೋವರ್ ನೋಡಿದ್ದೇ ಸೈಕಲ್ ತಿರುಗಿಸಿಕೊಂಡು ಹೋದ.

ಉಳಿದದ್ದು ಬ್ಯಾಕ್‌ಲ್ಯಾಪಿಂಗ್. ವಾಲ್ವ್ ಪೇಸ್ಟ್ (ಲೋಹ ಉಜ್ಜುವ ಮರಳಿನಂಥ ಪೇಸ್ಟ್) ಬಳಿದು ರೀಲನ್ನು ಹಿಂದಕ್ಕೆ ತಿರುಗಿಸಬೇಕು, ಆಗ ರೀಲೂ ಬೆಡ್‌ನೈಫೂ ಒಂದಕ್ಕೊಂದು ಉಜ್ಜಿ ಸಾಣೆಯಾಗುತ್ತವೆ. ಆದರೆ ನನ್ನ ಶಾಫ್ಟಿಗೆ ಹ್ಯಾಂಡಲ್ ಹಾಕಲು ಜಾಗವೇ ಇಲ್ಲ. ಎರಡನೇ ಭಾನುವಾರ ರಾತ್ರಿ ಎರಡೂ ಚಕ್ರ ಬಿಚ್ಚಿ, ನೋಡಿ, ಬೈದು, ಮತ್ತೆ ಜೋಡಿಸಿ ಮಲಗಿದೆ.

ಬೆಳಿಗ್ಗೆ ತಳ್ಳಿದರೆ ರೀಲ್ ಅಲ್ಲಾಡುತ್ತಿಲ್ಲ. ಸಿಟ್ಟಿನಲ್ಲಿ ಹಿಂದಕ್ಕೆ ಎಳೆದೆ. ಗಿರ್ರ್ ಅಂತ ಉಲ್ಟಾ ತಿರುಗಿತು! ಚಕ್ರ ಒಂದೇ ದಿಕ್ಕಿನಲ್ಲಿ ರೀಲನ್ನು ತಿರುಗಿಸುವಂತೆ ಮಾಡುವ ರ್ಯಾಚೆಟ್ ಕೀಗಳನ್ನು ಎರಡೂ ಕಡೆ ತಿರುಗುಮುರುಗು ಹಾಕಿದ್ದೆ. ನನಗೆ ಬೇಕಿದ್ದದ್ದೂ ಅದೇ ಅಲ್ವಾ?



ಈ ಭಾನುವಾರ ಪಾರ್ಕಿಂಗ್ ಜಾಗದಲ್ಲಿ ಮೋವರನ್ನು ಎಮ್ಮೆ ಎಳೆದ ಹಾಗೆ ಹಿಂದಕ್ಕೆ ಎಳೆದೆ. ಮೊದಲು ಡಬ್ಬಿಯ ಒರಟು ಪೇಸ್ಟ್, ಆಮೇಲೆ ನಯದ್ದು. ಪ್ರತಿ ಹತ್ತು ಸುತ್ತಿಗೆ ಸ್ಕ್ರೂ ಕೂದಲೆಳೆಯಷ್ಟು ಬಿಗಿ. ತುದಿಗಳು ಸವೆದು ಸವೆದು ನಡುವಿನ ಮಟ್ಟಕ್ಕೆ ಬರಲು ಎರಡೂವರೆ ಗಂಟೆ ಬೇಕಾಯಿತು. ಎದುರು ಮನೆಯ ಅಜ್ಜ ಬಂದು, ಮುಂದಕ್ಕೆ ತಳ್ಳಬೇಕು ಅಂತ ಎರಡು ಸಲ ತಿಳಿಹೇಳಿ ಹೋದರು.

ಪೇಸ್ಟನ್ನು ಡೀಸೆಲ್‌ನಲ್ಲಿ ಪೂರ್ತಿ ತೊಳೆದೆ. ಕಣ ಉಳಿದರೆ ಬೇರಿಂಗ್ ತಿನ್ನುತ್ತದೆ. ಕೀಗಳನ್ನು ಸರಿಯಾಗಿ ಹಾಕಿದೆ, ಈ ಸಲ ಫೋಟೋ ತೆಗೆದುಕೊಂಡು. ಎತ್ತರ 40 ಎಂಎಂಗೆ ಇಟ್ಟಿದ್ದೇನೆ. ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಲು ಮನಸ್ಸಿಲ್ಲ. ಹೊರಗೆ ತಂದು ನಿಲ್ಲಿಸಿದೆ, ಮಳೆ ಶುರುವಾಯಿತು.